ಎಡಕ್ಕೆ ವಾಲಿದ ದೋಣಿ

ನಾನೊಂದು ಹಾಯಿದೋಣಿ. ಮಂಗಳೂರಿನ ಹಳೇ ಬಂದರಿನ ಎದುರು, ಬೆಂಗ್ರೆಯ ಮರಳಿನ ಮೇಲೆ ಹುಟ್ಟಿದೆ. ಹಲಸಿನ ಹಲಗೆಗಳನ್ನು ಬೆಂಕಿಗೆ ಹಿಡಿದು ಬಗ್ಗಿಸಿ, ಸಂದುಗಳಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ ತುಂಬಿ ನನಗೆ ಮೈ ಕೊಟ್ಟರು. ನನ್ನನ್ನು ಮಾಡಿಸಿದವರು ಎಲಿಯಾಸ್ ಮಿನೇಜಸ್. ಆಯುಷ್ಯವೆಲ್ಲ ಹಡಗಿನ ಇಂಜಿನ್ ಕೋಣೆಯಲ್ಲಿ ಕಳೆದವರು. ಕಡಲಿನಲ್ಲಿದ್ದೂ ಕಡಲು ನೋಡಲಿಲ್ಲ, ಇನ್ನಾದರೂ ಹೆಂಡತಿಯ ಜೊತೆ ಲಕ್ಷದ್ವೀಪದ ಕಡೆ ಹೋಗಿ, ಮನಸ್ಸಾದಲ್ಲೆಲ್ಲ ಲಂಗರು ಹಾಕಿಕೊಂಡು ಇರಬೇಕು ಎನ್ನುವುದು ಅವರ ಆಸೆ.

ನನ್ನನ್ನು ಮನೆಯಾಗಿ ಮಾಡಿದ್ದು ಆ ಹೆಂಡತಿ, ಸೆವ್ರಿನ್ ಬಾಯಿ. ಬಿಸಿಲಿಗೆ ಮೇಲೆ ಕಟ್ಟಲು ದಪ್ಪ ಬಟ್ಟೆಯ ಚಪ್ಪರ ಹೊಲಿದರು. ಅಲೆಗೆ ಪಾತ್ರೆ ಮಗುಚದಂತೆ ಸ್ಟವ್ ಅನ್ನು ಸರಪಳಿಯಲ್ಲಿ ತೂಗುಹಾಕಿಸಿದರು. ಕುಚ್ಚಲಕ್ಕಿ, ಒಣಮೀನು, ಮಿಡಿ ಉಪ್ಪಿನಕಾಯಿಗೆಲ್ಲ ಗಟ್ಟಿ ಮುಚ್ಚಳದ ಡಬ್ಬಿಗಳು ಬಂದವು. ತಿಳಿನೀರಿಗೆ ಇಳಿದು ಈಜಲು ಎಡಗಡೆ ಒಂದು ಮರದ ಏಣಿ ಬೇಕೆಂದರು. ಮಲಗುವುದೂ ತಾನು ಎಡಗಡೆಯೇ ಎಂದರು.

ಹೊರಡುವ ಮೊದಲು ಒಮ್ಮೆ ನನ್ನನ್ನು ಪರೀಕ್ಷಿಸಲು ಇಬ್ಬರೇ ಕಡಲಿಗೆ ಹೋಗಿದ್ದರು. ಮರಳುವಾಗ, ನದಿ ಕಡಲು ಸೇರುವ ಅಳಿವೆಯ ಬಾಯಲ್ಲಿ ದೊಡ್ಡ ಅಲೆಯೊಂದು ನನ್ನನ್ನು ಅಡ್ಡ ತಿರುಗಿಸಿತು. ಹಾಯಿಯ ಅಡ್ಡಮರ ರಭಸದಿಂದ ಹೊರಳಿ ಸೆವ್ರಿನ್ ಬಾಯಿಯ ತಲೆಗೆ ಬಡಿಯಿತು. ಅವರು ಎಡಗಡೆಯಿಂದಲೇ ನೀರಿಗೆ ಬಿದ್ದರು. ಎಲಿಯಾಸರ ಕೈ ಚುಕ್ಕಾಣಿಯ ಮೇಲಿತ್ತು. ಬಿಟ್ಟಿದ್ದರೆ ನಾನು ಮಗುಚುತ್ತಿದ್ದೆ. ಅವರು ಬಿಡಲಿಲ್ಲ. ನನ್ನನ್ನು ನೇರ ಮಾಡಿ ತಿರುಗಿಸುವಷ್ಟರಲ್ಲಿ ನೀರಿನ ಮೇಲೆ ಏನೂ ಇರಲಿಲ್ಲ. ಕತ್ತಲಾಗುವವರೆಗೆ ಅಲ್ಲೇ ಸುತ್ತಿದೆವು. ಹೆಣವೂ ಸಿಗಲಿಲ್ಲ.

ಅದಾದ ಮೇಲೆ ಎಲಿಯಾಸರು ನನ್ನ ಮೇಲೆ ಕಾಲಿಡದೆ ದೂರವಾದರು. ಬಹುಕಾಲ ಜೆಟ್ಟಿಯ ಬದಿಯಲ್ಲಿ ಕಟ್ಟಿಬಿದ್ದಿದ್ದೆ. ಆಮೇಲೆ ದಾಮೋದರ ಪುತ್ರನ್ ಎಂಬವರು ನನ್ನನ್ನು ಕೊಂಡರು. ಐಸ್ ಪ್ಲಾಂಟ್ ನಡೆಸಿ ಸಾಕಾಗಿದ್ದ ಅವರಿಗೂ, ಅವರ ಹೆಂಡತಿ ವನಜಾಕ್ಷಿಗೂ ಅದೇ ದ್ವೀಪಗಳ ಆಸೆ.

ನಾನು ಎಡಕ್ಕೆ ವಾಲಿಕೊಂಡಿರುವುದನ್ನು ದಾಮೋದರರು ಮೊದಲ ವಾರವೇ ಗಮನಿಸಿದರು. ನೀರು ಒಸರಿರಬೇಕೆಂದು ದಡಕ್ಕೆ ಎಳೆಸಿ ಸಂದುಗಳನ್ನೆಲ್ಲ ನೋಡಿಸಿದರು. ಒಳಗೆ ತೊಟ್ಟು ನೀರಿರಲಿಲ್ಲ. ಬ್ಯಾಟರಿ, ನೀರಿನ ಡ್ರಮ್ಮು, ಲಂಗರಿನ ಸರಪಳಿ ಎಲ್ಲವನ್ನೂ ಬಲಕ್ಕೆ ಸರಿಸಿದರು. ಸಂಜೆ ನೇರವಾಗಿದ್ದವಳು ಬೆಳಗಾಗುವಾಗ ಮತ್ತೆ ಎಡಕ್ಕೆ. ಎಡಗಡೆಯ ಹಾಸಿಗೆ ಎಷ್ಟು ಒಣಗಿಸಿದರೂ ಬೆಳಿಗ್ಗೆ ತೇವವಾಗಿರುತ್ತಿತ್ತು. ವನಜಾಕ್ಷಿ ಬೆರಳು ಒತ್ತಿ ನಾಲಿಗೆಗೆ ಇಟ್ಟು ನೋಡಿದರು. ಉಪ್ಪು.

ನನಗೂ ಹೆದರಿಕೆಯಿತ್ತು. ನನ್ನೊಳಗೆ ಮಲಗಿದ್ದ ಆ ಭಾರ ಒಂದು ಹಲಗೆಯನ್ನೂ ಕಿರುಗುಟ್ಟಿಸುತ್ತಿರಲಿಲ್ಲ. ಕಾಯುತ್ತಿತ್ತು, ಅಷ್ಟೆ.

ದಾಮೋದರರು ನನ್ನನ್ನು ಮಾರಿಬಿಡೋಣ ಎಂದರು. ವನಜಾಕ್ಷಿ ಮಾತ್ರ ವಿಚಾರಿಸಿಕೊಂಡು ಎಲಿಯಾಸರ ಮನೆಗೇ ಹೋದರು. ದೋಣಿ ವಾಲುವ ವಿಷಯ ಕೇಳಿ ಅವರು ಸೆವ್ರಿನ್ ಬಾಯಿ ಬಿದ್ದ ಕಥೆ ಹೇಳಿದರಂತೆ. ಯಾವ ಕಡೆಗೆ ವಾಲುತ್ತದೆ ಎಂದು ಕೇಳಲೇ ಇಲ್ಲವಂತೆ. ದೋಣಿಯ ಹತ್ತಿರ ಬರಲು ಒಲ್ಲೆನೆಂದ ಅವರನ್ನು ಕೊನೆಗೆ ಜೆಟ್ಟಿಯವರೆಗೆ ಕರೆತಂದರು. ಅಲ್ಲಿಯೂ ಅವರು ಹಿಂಜರಿದಾಗ ವನಜಾಕ್ಷಿ ಮೆಲ್ಲಗೆ ಹೇಳಿದರು:

"ನೀವು ನಮ್ಮೊಟ್ಟಿಗೆ ಬನ್ನಿ ಮಿನೇಜಸರೇ. ಸೆವ್ರಿನ್ ಬಾಯಿಯವರನ್ನು ಕರ್ಕೊಂಡು ಹೋಗ್ಲಿಕ್ಕೆ ನಮಗಾಗ್ತದೆ. ಇಳಿಸ್ಲಿಕ್ಕೆ ನಮಗೆ ಗೊತ್ತಿಲ್ಲ."

ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ ಹೊರಟೆವು. ಅಳಿವೆ ದಾಟುವಾಗ ಎಲಿಯಾಸರು ಕಣ್ಣು ಮುಚ್ಚಿ ಎಡಗಡೆಯ ಹಾಸಿಗೆಯ ಅಂಚು ಹಿಡಿದುಕೊಂಡಿದ್ದರು. ದಾರಿಯುದ್ದಕ್ಕೂ ಅವರು ಆ ಹಾಸಿಗೆಯ ಪಕ್ಕ ನೆಲದ ಮೇಲೆಯೇ ಮಲಗಿದರು, ಮೇಲೆ ಏರಲಿಲ್ಲ.

ದ್ವೀಪ ತಲುಪಿದಾಗ, ಅದನ್ನು ಸುತ್ತಿದ ಹವಳದ ದಿಬ್ಬದ ಒಳಗೆ ನೀರು ಅಲುಗಾಡದೆ ನಿಂತಿತ್ತು. ಲಂಗರು ಬಿದ್ದ ಜಾಗದ ಮರಳು ಮೇಲಿನಿಂದಲೇ ಕಾಣುತ್ತಿತ್ತು. ಬೆಳಿಗ್ಗೆ ಗಂಡಹೆಂಡಿರು ಬೇಕೆಂದೇ ಎಲಿಯಾಸರೊಬ್ಬರನ್ನೇ ಬಿಟ್ಟು, ನನಗೆ ಕಟ್ಟಿ ತಂದಿದ್ದ ಸಣ್ಣ ದೋಣಿಯಲ್ಲಿ ದಡಕ್ಕೆ ಹೋದರು. ಎಲಿಯಾಸರು ಹೆಂಡತಿ ಹೊಲಿದಿದ್ದ ಹಳೆಯ ಚಪ್ಪರದ ಮಡಿಕೆ ಬಿಡಿಸಿ ಕಟ್ಟಿದರು. ಚಹಾ ಮಾಡಿ ಎರಡು ಲೋಟಕ್ಕೆ ಬಗ್ಗಿಸಿದರು. ಆಮೇಲೆ ತಮ್ಮ ಕೊಂಕಣಿಯಲ್ಲಿ, ನಿದ್ದೆಯಿಂದ ಎಬ್ಬಿಸುವವರ ಹಾಗೆ ಹೇಳಿದರು:

"ಸೆವ್ರಿನ್, ಬಂದು ಮುಟ್ಟಿದೆವು. ಇಳಿ."

ಏನೂ ಆಗಲಿಲ್ಲ. ಚಹಾ ಆರಿತು. ಅವರು ತಲೆ ತಗ್ಗಿಸಿ ಕೇಳಿದರು: "ನಾನು ಚುಕ್ಕಾಣಿ ಬಿಡಲಿಲ್ಲ ಅಂತ ಸಿಟ್ಟಾ?"

ಆಗ ನನ್ನ ಎಡಬದಿ ನಿಧಾನವಾಗಿ ಮೇಲೆದ್ದಿತು. ಏಣಿಯ ಮೆಟ್ಟಿಲುಗಳು ಒಂದೊಂದಾಗಿ ಕಿರುಗುಟ್ಟಿದವು. ನೀರು ಸದ್ದು ಮಾಡಲಿಲ್ಲ. ಕೊನೆಯ ಮೆಟ್ಟಿಲಿನ ಸುತ್ತ ಒಂದು ಉಂಗುರದಂತಹ ಅಲೆ ಎದ್ದು ಅಗಲವಾಗುತ್ತ ದಿಬ್ಬದ ಕಡೆ ಹೋಯಿತು. ಎಲಿಯಾಸರು ಅದು ಕಾಣದಾಗುವವರೆಗೆ ನೋಡಿದರು. ತಮ್ಮ ಪ್ರಶ್ನೆಗೆ ಸಿಕ್ಕ ಉತ್ತರ ಯಾವುದೆಂದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಮರಳುವ ದಾರಿಯಲ್ಲಿ ಚುಕ್ಕಾಣಿ ಅವರೇ ಹಿಡಿದರು. ಅದೇ ಅವರ ಕೊನೆಯ ಪ್ರಯಾಣ. ಆಮೇಲೆಯೂ ದಾಮೋದರರು, ವನಜಾಕ್ಷಿ ಎಷ್ಟೋ ಸಲ ದ್ವೀಪಗಳಿಗೆ ಹೋಗಿ ಬಂದರು. ನಾನು ಎಂದೂ ವಾಲಲಿಲ್ಲ.

ಈಗ ಹುಳ ಹಿಡಿದ ಮೈ ನನ್ನದು. ಬೆಂಗ್ರೆಯ ಮರಳಿನಲ್ಲಿ ಅರ್ಧ ಹೂತಿದ್ದೇನೆ. ನನ್ನ ಮೇಲೆ ಬಲೆ ಒಣಗಿಸುತ್ತಾರೆ, ಒಳಗೆ ಯಾರೂ ಬರುವುದಿಲ್ಲ. ಒಂದು ಕಾಲದಲ್ಲಿ ನಾನು ಹೆದರಿದ್ದು ಆ ಭಾರಕ್ಕೆ. ಈಗ ಸಂಜೆಯ ಗಾಳಿ ನಿಂತ ಹೊತ್ತಿನಲ್ಲಿ ಯಾರಾದರೂ ಹತ್ತಿ ಬರುತ್ತಾರೇನೋ ಎಂದು ಕಿವಿಗೊಡುತ್ತೇನೆ. ಬದುಕಿದವರೇ ಆಗಬೇಕೆಂದಿಲ್ಲ.