ಎಡಗಡೆ ಹೆಡ್‌ಲೈಟಿನ ಫಿಲ್ಮು

ಬ್ರೇಕ್ ಮೇಷ್ಟ್ರು ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಮೂವತ್ತೊಂದು ವರ್ಷ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿಗೆ ಅಂಟಿಕೊಂಡು ಕೂತು, ಕಲಿಯುವವರ ಎಡವಟ್ಟಿಗೆಲ್ಲ ತಮ್ಮ ಕಾಲಡಿಯ ಎರಡನೇ ಬ್ರೇಕನ್ನು ಒತ್ತಿದ ಮನುಷ್ಯ. ಇಪ್ಪತ್ತು ಹೆಜ್ಜೆ ದೂರದಿಂದ ನಂಬರ್ ಪ್ಲೇಟ್ ಓದಲಾಗದವರಿಗೆ ಸ್ಟೇರಿಂಗ್ ಮುಟ್ಟಲೂ ಬಿಡುತ್ತಿರಲಿಲ್ಲ. ಅಂಥ ಮೇಷ್ಟ್ರ ಕಾರೇ ಈಚೆಗೆ ಎರಡು ಸಲ ಸ್ವಂತ ಮನೆಯ ಗೇಟಿನ ಕಂಬಕ್ಕೇ ಉಜ್ಜಿಕೊಂಡು ಬಂದಿತ್ತು. ಎರಡು ಸಲವೂ ಹೊತ್ತು ಮುಳುಗುವ ವೇಳೆ.

"ಕಣ್ಣು ಮಂಜಾಗಿದೆ ನಿಮಗೆ. ಬೀದೀಲಿ ಮಕ್ಕಳು ಆಡ್ತಿರ್ತಾವೆ, ಕೀ ಇತ್ತ ಕೊಡಿ," ಎಂದರು ಹೆಂಡತಿ.

"ಕಣ್ಣಲ್ಲ ಕಣೇ, ಹೆಡ್‌ಲೈಟು. ಹಳದಿಗಟ್ಟಿದೆ."

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ."

ಇಬ್ಬರ ನಡುವೆ ಸಿಕ್ಕಿಕೊಂಡವಳು ಮಗಳು. ಅವಳ ಕಸುಬೇ ಹೆಡ್‌ಲೈಟು. ಎರಡು ಬೀದಿ ಆಚೆ ಅವಳದೊಂದು ಅಂಗಡಿ. ಮಂಕಾದ ದೀಪಗಳನ್ನು ನೀರು ಹಾಕುತ್ತ ಎಮರಿ ಪೇಪರಿನಲ್ಲಿ ತಿಕ್ಕಿ, ಪಾಲಿಶ್ ಮಾಡಿ, ಹೊಸದರಂತೆ ಹೊಳೆಯಿಸಿ ಕೊಡುತ್ತಿದ್ದಳು. ಅಪ್ಪನ ಕಾರಿಗೂ ಮೂರು ಸಲ ಮಾಡಿದ್ದಳು, ಮೂರು ಸಲವೂ ಆರೇಳು ತಿಂಗಳಿಗೆ ಕತೆ ಮೊದಲಿನಂತೆಯೇ ಆಗಿತ್ತು. ತಿಕ್ಕುವಾಗ ಹಳದಿಯ ಜೊತೆಗೆ ಬಿಸಿಲು ತಡೆಯುವ ಮೇಲುಪದರವೂ ಹೋಗಿಬಿಡುತ್ತದೆ. ಆಮೇಲೆ ಬರಿಮೈಯ ಪ್ಲಾಸ್ಟಿಕ್ಕನ್ನು ಬಿಸಿಲು ಸುಮ್ಮನೆ ಬಿಟ್ಟೀತೇ?

"ಈ ಸಲ ಪಾಲಿಶ್ ಆದ್ಮೇಲೆ ಮೇಲೊಂದು ಅಂಟೋ ಫಿಲ್ಮ್ ಹಾಕಿ ನೋಡೋಣ ಅಪ್ಪ. ಬಿಸಿಲಿನ ಪೆಟ್ಟನ್ನ ಅದು ತಿನ್ನುತ್ತೆ," ಎಂದಳು.

ಮೇಷ್ಟ್ರಿಗೆ ಕುತೂಹಲ ಕೆರಳಿತು. ಕೆರಳಿದರೆ ಅವರು ಸುಮ್ಮನಿರುವ ಪೈಕಿಯಲ್ಲ.

"ಒಂದಕ್ಕೆ ಮಾತ್ರ ಹಾಕು. ಯಾವುದಕ್ಕೆ ಅಂತ ನಮಗ್ಯಾರಿಗೂ ಹೇಳಬೇಡ. ಎಂಟು ತಿಂಗಳಾದ ಮೇಲೆ ಹತ್ತು ಹೆಜ್ಜೆ ದೂರ ನಿಂತು ಯಾವುದು ಹಳದಿ, ಯಾವುದು ಸ್ವಚ್ಛ ಅಂತ ನಾನು ಹೇಳ್ತೀನಿ. ಸರಿಯಾದರೆ ಇನ್ನು ಕಣ್ಣಿನ ಮಾತು ಎತ್ತಬಾರದು. ತಪ್ಪಿದರೆ ಕೀ ನಿಮ್ಮಮ್ಮನ ಕೈಗೆ."

ಮಗಳು ಎಡಗಡೆಯದನ್ನು ಆರಿಸಿಕೊಂಡಳು. ಕಾರು ನಿಲ್ಲುವ ಜಾಗದಲ್ಲಿ ಬಲಗಡೆಗೆ ಕಾಂಪೌಂಡಿನ ನೆರಳು, ಎಡಗಡೆಗೆ ದಿನವಿಡೀ ಸುಡುಬಿಸಿಲು. ಪರೀಕ್ಷೆ ಎಂದಮೇಲೆ ಕಷ್ಟದ್ದೇ ಆಗಲಿ ಎಂದುಕೊಂಡಳು. ಕಿಟಕಿಯ ಪಕ್ಕ ಯಾವತ್ತಿನಿಂದಲೋ ಬಿದ್ದಿದ್ದ ಸುರುಳಿಯಿಂದ ಒಂದು ತುಂಡು ಕತ್ತರಿಸಿ, ಸೋಪಿನ ನೀರು ಚಿಮುಕಿಸಿ, ದೀಪದ ಮೇಲೆ ಜಾರಿಸಿ ಕೂರಿಸಿದಳು. ಒಳಗಿನ ನೀರನ್ನು ನಡುವಿನಿಂದ ಅಂಚಿಗೆ ತಳ್ಳಿ, ದೀಪ ಬಾಗಿದ ಕಡೆ ಫಿಲ್ಮು ಕೂರುವಂತೆ ಬಿಸಿಗಾಳಿ ಹಿಡಿದಳು. ಅದರ ಅಂಚು ಯಾರ ಕೈಗೂ ತಾಗದಿರಲೆಂದು, ಅಲ್ಲಿಂದಾಚೆ ವಾರಕ್ಕೊಮ್ಮೆ ಕಾರು ತೊಳೆಯುವುದು ತನ್ನ ಅಂಗಡಿಯಲ್ಲೇ ಎಂದು ಕಟ್ಟಪ್ಪಣೆ ಮಾಡಿದಳು.

ಆರನೇ ತಿಂಗಳಲ್ಲಿ ಅವಳಿಗೇ ಒಂದು ಸೋಜಿಗ ಕಾದಿತ್ತು. ನೆರಳಿನ ಕಡೆಯ ಬರಿದೀಪ ಇನ್ನೂ ಪರವಾಗಿಲ್ಲ ಎನ್ನುವಂತಿದ್ದರೆ, ಫಿಲ್ಮು ಹಾಕಿದ ಎಡದ ದೀಪವೇ ಹಳೇ ಬನಿಯನ್ನಿನಂತೆ ಹಳದಿಯಾಗುತ್ತಿತ್ತು. ಹಳದಿ ಕೂತದ್ದು ಫಿಲ್ಮಿನಲ್ಲೋ ಒಳಗಿನ ದೀಪದಲ್ಲೋ? ಒಂದು ಮೂಲೆ ಎಬ್ಬಿಸಿ ನೋಡಲು ಕೈ ಕಡಿಯುತ್ತಿತ್ತು. ಎಂಟು ತಿಂಗಳ ಕರಾರಿಗೆ ಕಟ್ಟುಬಿದ್ದು ಸುಮ್ಮನಾದಳು.

ಎಂಟು ತಿಂಗಳು ತುಂಬಿದ ಭಾನುವಾರ, ಸಂಜೆಯ ಬೆಳಕು ಇನ್ನೂ ಚೆನ್ನಾಗಿರುವಾಗಲೇ ಪರೀಕ್ಷೆ ಶುರುವಾಯಿತು. ಅಮ್ಮ ಮೆಟ್ಟಿಲ ಮೇಲೆ ಕೂತರು. ಮೇಷ್ಟ್ರು ಹತ್ತು ಹೆಜ್ಜೆ ಎಣಿಸಿ ನಿಂತು ನೋಡಿದರು. ಕತ್ತು ಅತ್ತ ವಾಲಿಸಿ ನೋಡಿದರು, ಇತ್ತ ವಾಲಿಸಿ ನೋಡಿದರು.

"ಕಾರಿಗೆ ಒಂದು ಸುತ್ತು ಬರದೇ ಯಾವ ಪರೀಕ್ಷೆನೂ ಇಲ್ಲ. ಮೂವತ್ತೊಂದು ವರ್ಷ ಇದನ್ನೇ ಕಲಿಸಿದ್ದೀನಿ," ಎಂದು ಹೊರಟರು. ಟೈರು ಒದ್ದರು, ಬಾನೆಟ್ಟು ತಟ್ಟಿದರು. ಮುಂದೆ ಹಾಯುವಾಗ ಅವರ ಹೆಬ್ಬೆರಳ ಉಗುರು ಎರಡು ದೀಪಗಳ ಮೇಲಂಚಿನಲ್ಲೂ ಮೆಲ್ಲಗೆ ಹರಿದು ಹೋಯಿತು. ಎಡಗಡೆ ಅರೆಕ್ಷಣ ತಡೆಯಿತು. ಅದು ಮಗಳ ಕಣ್ಣಿಗೆ ಬಿತ್ತು.

ವಾಪಸು ಹತ್ತು ಹೆಜ್ಜೆ ದೂರ ಹೋಗಿ ಎದೆಯುಬ್ಬಿಸಿ ನಿಂತರು. "ಎಡಗಡೆದು ಸ್ವಚ್ಛ. ಬಲಗಡೆದು ಹಳದಿ."

"ಸರಿನಾ?" ಎಂದು ಅಮ್ಮ ಮಗಳತ್ತ ತಿರುಗಿದರು.

ಮಗಳಿಗೆ ಬಾಯಲ್ಲಿ ಬಿಸಿತುಪ್ಪ. ಸರಿ ಎಂದುಬಿಟ್ಟರೆ ಅಪ್ಪನ ಮುಖ ಅರಳುತ್ತದೆ. ಆ ಮುಖ ಅರಳುವುದು ಅವಳಿಗೂ ಬೇಕಿತ್ತು. ಅಷ್ಟರಲ್ಲಿ ಎದುರುಮನೆಯ ಚೆಂಡು ಪುಟಿಯುತ್ತ ಬೀದಿಗೆ ಬಂತು, ಅದರ ಹಿಂದೆ ಇಬ್ಬರು ಮಕ್ಕಳು.

"ಫಿಲ್ಮ್ ಎಡಗಡೆಗೇ ಹಾಕಿದ್ದು ಅಪ್ಪ," ಎಂದಳು. "ಆದ್ರೆ ಹಳದಿ ಆಗಿರೋದೂ ಎಡಗಡೆದೇ."

ಮೇಷ್ಟ್ರ ಉಗುರು ಫಿಲ್ಮು ಎಲ್ಲಿದೆ ಎಂದು ಹೇಳಿತ್ತು, ಬಣ್ಣ ಏನೆಂದು ಹೇಳಿರಲಿಲ್ಲ. ಅವರು ಜಗಳಕ್ಕೆ ನಿಲ್ಲುತ್ತಾರೆಂದು ಮಗಳು ಗಟ್ಟಿಯಾಗಿ ನಿಂತಳು. ಅವರು ಜಗಳವಾಡಲಿಲ್ಲ.

"ಕಾಪಾಡೋಕೆ ಅಂತ ಹಾಕಿದ್ದೇ ಹಳದಿ ಆಯ್ತಾ? ಅದು ಹೇಗೆ? ಒಳಗೆ ಏನಾಗಿದೆ?"

"ನಂಗೂ ಅದೇ ಪ್ರಶ್ನೆ, ಎರಡು ತಿಂಗಳಿಂದ."

ಒಳಗಿಂದ ತಲೆಗೂದಲು ಒಣಗಿಸುವ ಯಂತ್ರ ಬಂತು. ಮಗಳು ಅಂಚನ್ನು ಬೆಚ್ಚಗೆ ಮಾಡಿ ಎಬ್ಬಿಸಿದಳು, ಅಪ್ಪ ಬಗ್ಗಿ ಮೂಗು ತಾಗುವಷ್ಟು ಹತ್ತಿರ ನಿಂತರು. ಫಿಲ್ಮು ನಿಧಾನವಾಗಿ ಸುಲಿದು ಬಂತು. ಹಳದಿಯೆಲ್ಲ ಅದರಲ್ಲೇ ಇತ್ತು. ಅಡಿಯಲ್ಲಿ ದೀಪ, ಅವಳು ಪಾಲಿಶ್ ಮಾಡಿದ ದಿನ ಹೇಗಿತ್ತೋ ಹಾಗೇ ಇತ್ತು.

"ಹೇಗಿದೆ?" ಎಂದರು ಮೇಷ್ಟ್ರು. ಅಷ್ಟು ಹತ್ತಿರದಿಂದ ನೋಡಿಯೂ ಕೇಳಿದರು.

ಮಗಳು ಫಿಲ್ಮನ್ನು ಅವರ ಕೈಗಿಟ್ಟಳು. "ಸ್ವಚ್ಛವಾಗಿದೆ ಅಪ್ಪ. ಫಿಲ್ಮೇ ಹಳೇದು, ಕೆಟ್ಟದ್ದು. ಕೆಟ್ರೂ ಪೆಟ್ಟನ್ನೆಲ್ಲ ತಾನೇ ತಿಂದಿದೆ."

ಮೇಷ್ಟ್ರು ಆ ಫಿಲ್ಮನ್ನು ಮಡಚಿ ಜೇಬಿಗಿಟ್ಟುಕೊಂಡರು. "ಉಗುರಿಗೆ ಅಂಚು ಸಿಕ್ತು," ಎಂದರು.

"ನೋಡ್ದೆ."

"ನನ್ನ ಹತ್ರ ಕಲಿಯೋರು ಹೀಗೆ ಮಾಡಿದ್ರೆ ಇಳಿಸಿ ಮನೆಗೆ ಕಳಿಸ್ತಿದ್ದೆ." ಅವರು ಮೆಟ್ಟಿಲ ಹತ್ತಿರ ಹೋಗಿ ಕೀಯನ್ನು ಹೆಂಡತಿಯ ಮಡಿಲಲ್ಲಿಟ್ಟರು. ಅಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಮರುದಿನ ಕಣ್ಣಿನ ಡಾಕ್ಟರ ಬಳಿಗೆ ಹೊರಟಾಗ ಸ್ಟೇರಿಂಗ್ ಹಿಡಿದವಳು ಮಗಳು. ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕೂತರು.

"ನನ್ನ ಕಣ್ಣಿಂದೂ ಮೇಲಿನ ಪೊರೆ ಮಾತ್ರ ಕೆಟ್ಟಿರಬಹುದು ಅಲ್ವಾ? ಒಳಗಿಂದು ಚೆನ್ನಾಗಿರುತ್ತೆ ಅಂತೀಯಾ?"

"ನೋಡದೇ ಹೇಗಪ್ಪ ಹೇಳ್ಲಿ. ನೋಡಿಸ್ಕೊಂಡೇ ಬರೋಣ."

ಕಾರು ಗೇಟಿನತ್ತ ಸರಿಯಿತು. ಕಂಬಕ್ಕೆ ಇನ್ನೂ ಒಂದು ಮಾರು ಜಾಗವಿತ್ತು. ಮೇಷ್ಟ್ರ ಬಲಗಾಲು ತಾನಾಗಿ ಮುಂದೆ ಚಾಚಿ, ಅಲ್ಲಿಲ್ಲದ ಬ್ರೇಕನ್ನು ಬಲವಾಗಿ ಒತ್ತಿತು. ಅದನ್ನು ನೋಡಿದ ಮಗಳು ತನ್ನ ಕಾಲಡಿಯ ಬ್ರೇಕ್ ಒತ್ತಿ ಕಾರು ನಿಲ್ಲಿಸಿದಳು.