ಒಳಗೆ ಬಟ್ಟೆ ಬಿಡದ ಲ್ಯಾಪ್‌ಟಾಪ್

ಟೈಲರ್ ಅಂಗಡಿಯ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಅಂದು ಬೆಳಗ್ಗೆಯಿಂದ ತೊಟ್ಟಿಲಿನ ಹಾಗೆ ತೂಗಾಡುತ್ತಿತ್ತು. ಎಡಕ್ಕೆ ಒತ್ತಿದರೆ ಬಲಕ್ಕೆ ಏಳುತ್ತಿತ್ತು, ಬಲಕ್ಕೆ ಒತ್ತಿದರೆ ಎಡಕ್ಕೆ. ಟೈಲರ್ ಮೇಜಿನ ಕಾಲಿನ ಕೆಳಗೆ ರಟ್ಟಿನ ಚೂರು ಇಟ್ಟು ನೋಡಿದ, ಮೇಜನ್ನೇ ಆಚೀಚೆ ಎಳೆದು ನೋಡಿದ. ಊಹೂಂ, ಮೇಜು ಸರಿಯಾಗೇ ಇತ್ತು.

"ರೀ, ಮೇಜಿನ ಮೇಲೆ ಯಾಕೆ ತಪ್ಪು ಹೊರಿಸ್ತೀರಿ? ಅದರ ಹೊಟ್ಟೇನೇ ಉಬ್ಬಿದೆ ನೋಡಿ," ಎಂದಳು ಹೆಂಡತಿ, ಹೊಲಿಗೆ ಮಿಷಿನ್‌ನಿಂದ ತಲೆ ಎತ್ತದೆ.

"ಸೆಕೆಗೆ ಸ್ವಲ್ಪ ಹಿಗ್ಗಿರಬೇಕು ಕಣೆ. ಸಂಜೆ ಹೊತ್ತಿಗೆ ಇಳಿಯುತ್ತೆ."

ನನಗೆ ಗೊತ್ತಿಲ್ಲ ಎನ್ನುವ ಮಾತು ಟೈಲರ್ ಬಾಯಿಂದ ಅಷ್ಟು ಸುಲಭಕ್ಕೆ ಬರುವುದಲ್ಲ. ಸಂಜೆ ಹೊತ್ತಿಗೆ ಅದು ಇಳಿಯಲೂ ಇಲ್ಲ. ಮಧ್ಯಾಹ್ನವೇ ಪರದೆ ಕಪ್ಪಾಗಿ, ಗುಂಡಿ ಒತ್ತಿದರೂ ಮಿಸುಕದೆ ಕೂತುಬಿಟ್ಟಿತು.

ಹೆಂಡತಿಯ ಕೈ ಮಿಷಿನ್ ಮೇಲೆಯೇ ನಿಂತಿತು. ಆ ಲ್ಯಾಪ್‌ಟಾಪ್ ಒಳಗೆ ಇದ್ದದ್ದು ಅವಳ ದುಡಿಮೆಯೆಲ್ಲ. ಎಲ್ಲರೂ ಹಾಕುವ ಬಟ್ಟೆ ಗಂಡ ಹೊಲಿಯುತ್ತಿದ್ದ. ಎಲ್ಲರೂ ಹಾಕುವ ಬಟ್ಟೆಯನ್ನು ಹಾಕಿಕೊಳ್ಳಲಾಗದವರಿಗೆ ಅವಳು ಹೊಲಿಯುತ್ತಿದ್ದಳು. ಗಾಲಿಕುರ್ಚಿಯಲ್ಲಿ ಕೂತವರಿಗೆ ಬೆನ್ನಿನ ಕಡೆ ಎತ್ತರ ಬಿಟ್ಟ ಪ್ಯಾಂಟು, ಹಾಸಿಗೆ ಹಿಡಿದವರಿಗೆ ಪಕ್ಕದಲ್ಲಿ ತೆರೆಯುವ ಅಂಗಿ, ಕೈ ಎತ್ತಲಾಗದವರಿಗೆ ಭುಜದ ಮೇಲೆ ಗುಂಡಿ. ಒಬ್ಬೊಬ್ಬರ ಮೈಗೂ ಒಂದೊಂದು ಪ್ಯಾಟ್ರನ್, ಅಂದರೆ ಬಟ್ಟೆ ಕತ್ತರಿಸುವ ನಕ್ಷೆ. ಹೊಲಿದು, ಹಾಕಿಸಿ ನೋಡಿ, ಬಿಚ್ಚಿ, ಮತ್ತೆ ಹೊಲಿದು ಕೂಡಿಸಿದ ಅಳತೆಗಳವು. ಮೊದಲೆಲ್ಲ ಕಾಗದದ ಮೇಲೆ ಇದ್ದವು. ಈ ತೆಳ್ಳನೆಯ ಲ್ಯಾಪ್‌ಟಾಪ್ ತಂದ ಸಂಭ್ರಮದಲ್ಲಿ, ಎಲ್ಲ ಇದರೊಳಗೆ ಇದೆಯಲ್ಲ, ಆ ಕಸ ಯಾಕೆ ಎಂದು ಟೈಲರೇ ಕಾಗದದ ಸುರುಳಿಗಳನ್ನೆಲ್ಲ ರದ್ದಿಗೆ ಹಾಕಿದ್ದ.

ಈಗ ಅದು ನೆನಪಾಗಿ ಅವನು ಗುಂಡಿಯನ್ನು ಮತ್ತೆ ಮತ್ತೆ ಒತ್ತಿದ.

ಅದೇ ಹೊತ್ತಿಗೆ ಬೇಕರಿಯವರು ಬಾಗಿಲಲ್ಲಿ ಕಾಣಿಸಿಕೊಂಡರು. ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಗಿತ್ತು. ಎಷ್ಟೋ ತಿಂಗಳು ಮನೆಯಲ್ಲಿ ಕೂತು, ಎಡಗೈಯಲ್ಲೇ ಹಿಟ್ಟು ನಾದಲು ಕಲಿತಿದ್ದರು. ಮುಂದಿನ ವಾರ ಬೇಕರಿಗೆ ಮತ್ತೆ ಕೆಲಸಕ್ಕೆ ಹೋಗುವವರಿದ್ದರು.

"ತಾಯೀ, ನನ್ನ ಕೆಲಸದ ಅಂಗಿ ಆ ದಿನಕ್ಕೆ ಆಗುತ್ತಲ್ವಾ? ಕೆಲಸಕ್ಕೆ ಹೋಗೋ ದಿನ ನನ್ನ ಅಂಗಿ ನಾನೇ ಹಾಕ್ಕೋಬೇಕು. ಅದೊಂದು ಹಟ ನನಗೆ. ದಿನಾ ಹೆಂಡತಿ ಮುಂದೆ ಮಗು ಹಾಗೆ ಕೈ ಚಾಚಿ ನಿಂತು ಸಾಕಾಗಿದೆ," ಎಂದರು.

"ಆಗುತ್ತೆ ಹೋಗಿ ಬನ್ನಿ," ಎಂದಳು ಅವಳು. ಅವರು ತಿರುವು ದಾಟಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವರ ಅಂಗಿಯ ಪ್ಯಾಟ್ರನ್ ಎಲ್ಲಿತ್ತು ಅಂತ ಬೇರೆ ಹೇಳಬೇಕೆ? ಹೊಸದಾಗಿ ಅಳೆದು, ಹಾಕಿಸಿ, ಬಿಚ್ಚಿ ಕೂಡಿಸಲು ಒಂದು ವಾರ ಎಲ್ಲಿ ಸಾಕು?

ಹೆಂಡತಿಯ ಕಣ್ಣೀರು ಕಂಡು ಟೈಲರ್‌ಗೆ ಕೈಕಟ್ಟಿ ಕೂರಲಾಗಲಿಲ್ಲ. ಹೊಲಿಗೆ ಅಂದಮೇಲೆ ಬಿಚ್ಚಲಾಗದ್ದು ಯಾವುದು ಎಂದುಕೊಂಡು, ಹೊಲಿಗೆ ಬಿಚ್ಚುವ ಚೂಪು ಕೊಕ್ಕೆಯನ್ನು ತೆಗೆದುಕೊಂಡ. ಉಬ್ಬಿದ ಅಂಚಿನ ಸಂದಿಗೆ ಅದರ ಮೊನೆಯನ್ನು ಇಟ್ಟ. ಇನ್ನೇನು ಒತ್ತಬೇಕು.

"ಅಣ್ಣಾ! ಕೈ ತೆಗಿ! ಮೊದಲು ಕೈ ತೆಗಿ!"

ತಂಗಿ ಅಂಗಡಿಯ ಮೆಟ್ಟಿಲಲ್ಲಿ ನಿಂತಿದ್ದಳು. ಊರಿನ ಗ್ರಂಥಾಲಯದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುವಾಗ ಅಣ್ಣನ ಅಂಗಡಿಗೆ ಬಂದು ಜಗಳವಾಡದಿದ್ದರೆ ಇಬ್ಬರಿಗೂ ಊಟ ಸೇರದು.

"ಏನೇ ನಿಂದು? ಹೃದಯ ಬಾಯಿಗೆ ಬಂತಲ್ಲೇ!"

"ಬರಲಿ, ಕೈ ಸುಟ್ಕೊಳ್ಳೋದಕ್ಕಿಂತ ವಾಸಿ. ಅದು ಸೆಕೆಗೆ ಹಿಗ್ಗಿದ್ದಲ್ಲ, ಬ್ಯಾಟರಿ ಉಬ್ಬಿರೋದು. ಚೂಪಾದದ್ದು ತಾಗಿದ್ರೆ ಭಗ್ ಅಂತ ಹತ್ಕೊಳ್ಳುತ್ತೆ. ಸುತ್ತ ನೋಡು, ಎಲ್ಲ ಬಟ್ಟೆ. ಚಾರ್ಜರ್ ಕಿತ್ತುಬಿಡು. ಮತ್ತೆ ಅದನ್ನ ಆನ್ ಮಾಡೋಕೂ ಹೋಗಬೇಡ."

ಅವಳು ಲ್ಯಾಪ್‌ಟಾಪನ್ನು ಒತ್ತದೆ, ಬಗ್ಗಿಸದೆ ಎತ್ತಿಕೊಂಡು ಹೋಗಿ ಹೊರಗೆ ನೆರಳಿನಲ್ಲಿದ್ದ ಸಿಮೆಂಟಿನ ಕಟ್ಟೆಯ ಮೇಲೆ ಇಟ್ಟಳು. ಟೈಲರ್ ಕೈಯಲ್ಲಿದ್ದ ಕೊಕ್ಕೆಯನ್ನೂ, ಕಪಾಟಿನ ತುಂಬ ಇದ್ದ ಬಟ್ಟೆಯ ಥಾನುಗಳನ್ನೂ ನೋಡಿ ಬೆವರೊರೆಸಿಕೊಂಡ.

"ಬ್ಯಾಟರಿ ತಾನೇ? ಬದಲಿಸಿದರಾಯ್ತು. ಟಾರ್ಚಿಗೆ ಹಾಕಲ್ವಾ?"

"ಟಾರ್ಚ್ ಮಾಡಿದವನು ನಿನ್ನನ್ನ ನಂಬಿ ಒಂದು ಮುಚ್ಚಳ ಇಟ್ಟಿದಾನೆ. ಇದನ್ನ ಮಾಡಿದವನು ಗಮ್ ಹಾಕಿ ಅಂಟಿಸಿದಾನೆ. ತಗೊಳ್ಳುವಾಗಲೇ ಹೇಳಿದ್ನಲ್ಲ, ಅಣ್ಣ, ಒಳಗೇನಿದೆ ಕೇಳು ಅಂತ? ನೀನು ಏನಂದೆ?"

ಅವನಿಗೆ ಅಂದದ್ದು ಚೆನ್ನಾಗಿಯೇ ನೆನಪಿತ್ತು. ಮದುವಣಗಿತ್ತಿಯ ಮುಖ ನೋಡು, ಕರುಳು ಯಾಕೆ ನೋಡ್ತೀಯ ಎಂದಿದ್ದ. ಈಗ ಕೈಯಲ್ಲಿದ್ದ ಕೊಕ್ಕೆಯನ್ನು ಮೆಲ್ಲನೆ ಡಬ್ಬಿಗೆ ಹಾಕಿದ.

"ಇವರ ಬಿನ್ನಾಣಗಿತ್ತಿ ಮನೆ ಸುಡೋಕೇ ಬಂದಿದ್ದಳು ಅನ್ನು," ಎಂದಳು ಹೆಂಡತಿ. ಅಷ್ಟು ದುಃಖದಲ್ಲೂ ನಾದಿನಿಗೆ ನಗು ಬಂತು.

ಮಾರನೆಯ ದಿನ ಮೂವರೂ ಕಂಪನಿಯ ಸರ್ವಿಸ್ ಸೆಂಟರಿಗೆ ಹೋದರು. ಕೌಂಟರಿನಲ್ಲಿದ್ದ ಹುಡುಗಿ ನಯವಾಗಿಯೇ ಮಾತಾಡಿದಳು. ಬ್ಯಾಟರಿ, ಕೀಬೋರ್ಡು, ಮೇಲಿನ ಕವಚ ಮೂರೂ ಒಂದೇ ಭಾಗ, ಒಂದು ಕೆಟ್ಟರೆ ಮೂರನ್ನೂ ಬದಲಿಸಬೇಕು ಎಂದಳು. ಆ ಮಾಡೆಲ್ ನಿಂತುಹೋಗಿದೆ, ಭಾಗ ಸಿಗುವುದಿಲ್ಲ ಎಂದಳು.

"ಬ್ಯಾಟರಿ ಹೋಗಲಿಮ್ಮ, ಒಳಗೆ ನನ್ನ ಪ್ಯಾಟ್ರನ್ ಇದಾವಲ್ಲ, ಆ ಡಿಸ್ಕ್ ಒಂದನ್ನ ಬಿಚ್ಚಿ ಕೊಡಿ," ಎಂದಳು ಟೈಲರ್ ಹೆಂಡತಿ.

"ಬಿಚ್ಚೋ ಡಿಸ್ಕ್ ಅಲ್ಲ ಮೇಡಂ. ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಮೆಮೊರೀನೂ ಹಾಗೇ. ನೀವು ಕಾಪಿ ಇಟ್ಕೊಂಡಿಲ್ವಾ?"

ಕಾಪಿ! ಟೈಲರ್ ನೆಲ ನೋಡಿದ. ಹೆಂಡತಿ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಪಕ್ಕದ ಗಾಜಿನ ಕಪಾಟಿನಲ್ಲಿ ಇನ್ನೂ ತೆಳ್ಳನೆಯ, ಇನ್ನೂ ಹೊಳೆಯುವ ಹೊಸ ಲ್ಯಾಪ್‌ಟಾಪ್ ಇತ್ತು. ಟೈಲರನ ನಾಚಿಕೆಗೆಟ್ಟ ಕಣ್ಣು ಅತ್ತಲೇ ಹೋಯಿತು.

"ಹೋಗಲಿ, ಇದನ್ನೇ ತಗೊಂಡುಬಿಡೋಣ. ಹೊಸದು ಅಂದ್ರೆ ಹೊಸದೇ," ಎಂದ.

"ಹೊಸದರಲ್ಲಿ ಅತ್ತಿಗೆ ಪ್ಯಾಟ್ರನ್ ಇದಾವಾ? ಬಾ ಮನೆಗೆ," ಎಂದು ತಂಗಿ ಅವನ ತೋಳು ಹಿಡಿದು ಎಳೆದಳು.

ದಾರಿಯಲ್ಲಿ ಅವಳು ತನಗೆ ಗೊತ್ತಿದ್ದ ರಿಪೇರಿ ಅಂಗಡಿಗೆ ಕರೆದೊಯ್ದಳು. ಒಂದು ಕಾಲದಲ್ಲಿ ರೇಡಿಯೋ, ಈಗ ಫೋನು, ಲ್ಯಾಪ್‌ಟಾಪ್ ಬಿಚ್ಚುವ ರಿಪೇರಿಯವರು ಉಬ್ಬಿದ ಹೊಟ್ಟೆಯನ್ನು ನೋಡಿ ತಲೆ ಕೆರೆದುಕೊಂಡರು.

"ಗಮ್ ನಿಧಾನಕ್ಕೆ ಕರಗಿಸಿ ಬಿಡಿಸಬೇಕು, ಅವಸರ ಮಾಡಿದರೆ ಕೆಟ್ಟೆ. ಬೋರ್ಡ್ ಜೀವಂತ ಇದ್ದರೆ ಒಳಗಿರೋದು ಸಿಗುತ್ತೆ. ಸತ್ತಿದ್ದರೆ ಇಲ್ಲ. ಇದನ್ನ ನನಗೆ ಬಿಟ್ಟು ಹೋಗಿ, ನೋಡೋಣ. ಆಸೆ ತೋರಿಸಿ ಕಳಿಸೋನಲ್ಲ ನಾನು," ಎಂದರು.

ಬಿಟ್ಟು ಬಂದರು. ಮೂವರೂ ಅಂಗಡಿಗೆ ಮರಳಿದರು. ಟೈಲರ್ ಸುಮ್ಮನಿರಲಾರದೆ ಬಟ್ಟೆ ಹಾಸಿ ಕತ್ತರಿಸಲು ನಿಂತ. ಬಟ್ಟೆ ಜಾರದಿರಲೆಂದು ಅದರ ಮೇಲೆ ಎಂದಿನಂತೆ ಭಾರ ಇಟ್ಟ. ತಂಗಿ ಆ ಭಾರವನ್ನೇ ದಿಟ್ಟಿಸಿದಳು.

"ಅಣ್ಣ, ಅದು ನಮ್ಮ ಗುಂಡ ಅಲ್ವಾ?"

ಹೌದು, ಗುಂಡನೇ. ಬಿನ್ನಾಣಗಿತ್ತಿಗಿಂತ ಮುಂಚೆ ಮನೆಯಲ್ಲಿದ್ದ ಹಳೇ ಲ್ಯಾಪ್‌ಟಾಪ್. ಇಟ್ಟಿಗೆಯ ದಪ್ಪ, ಇಟ್ಟಿಗೆಯ ತೂಕ. ನಡೆಯುವುದಕ್ಕೆ ಆಮೆ, ಕತ್ತರಿಸುವ ಬಟ್ಟೆಗೆ ಮಾತ್ರ ಇದಕ್ಕಿಂತ ಒಳ್ಳೆ ಭಾರ ಸಿಗದು ಎಂದು ಟೈಲರ್ ಅದನ್ನು ಆ ಹುದ್ದೆಗೆ ನೇಮಿಸಿದ್ದ.

"ಒಂದು ಸಣ್ಣ ಸ್ಕ್ರೂಡ್ರೈವರ್ ಕೊಡು. ಮಿಷಿನ್ನಿನದೇ ಆಗುತ್ತೆ."

ಅವಳು ಗುಂಡನನ್ನು ಮಗುಚಿ ಹಾಕಿ ಸ್ಕ್ರೂ ಬಿಚ್ಚಿದಳು. ಬೆನ್ನಿನ ಮುಚ್ಚಳ ಡಬ್ಬಿಯ ಮುಚ್ಚಳದಂತೆ ಕೈಗೆ ಬಂತು. ಅಣ್ಣ ಬಗ್ಗಿ ನೋಡಿದ. ಬ್ಯಾಟರಿ ಬೇರೆ, ಡಿಸ್ಕ್ ಬೇರೆ, ಫ್ಯಾನು ಬೇರೆ. ಎಲ್ಲದಕ್ಕೂ ಅದರದರ ಜಾಗ, ಅದರದರ ಸ್ಕ್ರೂ. ಒಂದು ಕಡೆ ಒಂದು ಸಣ್ಣ ಪಟ್ಟಿ ಕೂತಿತ್ತು, ಅದರ ಪಕ್ಕ ಅಂಥದೇ ಇನ್ನೊಂದು ಗೂಡು ಖಾಲಿ.

"ಇದೇನು, ಇಲ್ಲಿದ್ದದ್ದು ಬಿದ್ದುಹೋಯ್ತಾ?"

"ಬಿದ್ದಿಲ್ಲ. ಇದು ಮೆಮೊರಿ. ಈ ಖಾಲಿ ಜಾಗ ಬೇಕಂತಲೇ ಬಿಟ್ಟಿರೋದು. ಮುಂದೆ ಕೆಲಸ ಜಾಸ್ತಿ ಆದ್ರೆ ಇನ್ನೊಂದು ಹಾಕ್ಕೊಳ್ಳಲಿ ಅಂತ."

ಟೈಲರ್ ಆ ಖಾಲಿ ಗೂಡನ್ನೇ ನೋಡುತ್ತ ನಿಂತ. ಅವನ ಅಪ್ಪ ಕತ್ತರಿ ಹಿಡಿಯಲು ಕಲಿಸಿದ ದಿನ ಹೇಳಿದ ಮೊದಲ ಮಾತು ಅಳತೆಯದ್ದಲ್ಲ. ಬೆಳೆಯೋ ಮಗುವಿನ ಬಟ್ಟೆ, ಹೊಲಿಗೆ ಒಳಗೆ ಎರಡು ಬೆರಳು ಬಟ್ಟೆ ಬಿಡು, ನಾಳೆ ಅದರಮ್ಮ ಬಿಚ್ಚಿಸೋಕೆ ಬರ್ತಾಳೆ ಎಂದಿದ್ದರು. ಅಂದಿನಿಂದ ಇಂದಿನವರೆಗೆ ಒಳಗೆ ಬಟ್ಟೆ ಬಿಡದೆ ಅವನು ಒಂದು ಲಂಗವನ್ನೂ ಹೊಲಿದಿರಲಿಲ್ಲ. ಬಿಡದವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು.

"ಅಲ್ಲ ಕಣೇ... ಇದನ್ನ ಮಾಡಿದವನು ಒಳಗೆ ಬಟ್ಟೆ ಬಿಟ್ಟಿದಾನಲ್ಲೇ! ಆ ತೆಳ್ಳಗಿನದರಲ್ಲಿ ಒಂದು ನೂಲೂ ಬಿಟ್ಟಿಲ್ಲ! ಮೈಗೆ ಅಂಟಿಸಿ ಹೊಲಿದು ಕಳಿಸಿದಾನೆ. ಮಗು ಬೆಳೆದರೆ ಬಟ್ಟೆ ಬಿಸಾಕು, ಹೊಸದು ತಗೋ ಅಂತ!"

"ಇಷ್ಟು ದಿನ ನಾನು ಬಡ್ಕೊಂಡಿದ್ದೂ ಅದನ್ನೇ," ಎಂದಳು ತಂಗಿ.

"ನನ್ನ ಭಾಷೇಲಿ ಹೇಳಬೇಕಿತ್ತು ಕಣೆ!"

"ಹೂಂ, ಈಗ ತಪ್ಪು ನಂದಾಯ್ತು."

ತಂಗಿ ಮೆಮೊರಿ ಪಟ್ಟಿ ಒಂದನ್ನು ತರಿಸಿ ಖಾಲಿ ಗೂಡಿನಲ್ಲಿ ಕೂರಿಸಿದಳು. ತಿರುಗುವ ಹಳೇ ಡಿಸ್ಕನ್ನು ಬಿಚ್ಚಿ, ಅದರಲ್ಲಿದ್ದದ್ದನ್ನೆಲ್ಲ ಕಾಪಿ ಮಾಡಿಕೊಂಡು, ಅದರ ಜಾಗಕ್ಕೆ ತಿರುಗದ, ಚುರುಕಾದ ಹೊಸ ಬಗೆಯ ಡಿಸ್ಕ್ ಎಸ್‌ಎಸ್‌ಡಿ ಹಾಕಿದಳು. ಫ್ಯಾನಿನಲ್ಲಿ ಸಿಕ್ಕಿದ್ದ ನೂಲಿನ ಧೂಳನ್ನು ಟೈಲರ್ ತಾನೇ ಮಿಷಿನ್ ಬ್ರಷ್ಷಿನಿಂದ ಗುಡಿಸಿದ. ಗುಂಡಿ ಒತ್ತಿದರೆ, ಒಂದು ಲೋಟ ನೀರು ಕುಡಿದು ಬರುವಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದ ಗುಂಡ ಕಣ್ಣು ಮಿಟುಕಿಸುವುದರೊಳಗೆ ಎದ್ದು ಕೂತ.

ಆದರೆ ಗುಂಡನೊಳಗೆ ಇದ್ದದ್ದು ಅವನ ಕಾಲದಲ್ಲಿ ಹಾಕಿಟ್ಟಿದ್ದ ಕೆಲವು ಹಳೆಯ ಪ್ಯಾಟ್ರನ್‌ಗಳು ಮಾತ್ರ. ಬೇಕರಿಯವರದು ಇರಲಿಲ್ಲ. ಹೆಂಡತಿ ನೆನಪಿನಿಂದ ಗೆರೆ ಎಳೆದು ನೋಡಿದಳು, ಭುಜದ ತಿರುವು ಕೂಡಿಬರಲಿಲ್ಲ. ಟೈಲರ್ ದಿನಾ ರಿಪೇರಿ ಅಂಗಡಿಯ ಮುಂದೆ ಒಂದು ಸುತ್ತು ಹಾಕಿ, ಒಳಗೆ ಹೋಗಿ ಕೇಳಲು ಧೈರ್ಯವಾಗದೆ ವಾಪಸು ಬರುತ್ತಿದ್ದ.

ಕೊನೆಗೆ ರಿಪೇರಿಯವರೇ ಫೋನ್ ಮಾಡಿದರು. ಹೋಗಿ ನೋಡಿದರೆ, ಉಬ್ಬಿದ ಬ್ಯಾಟರಿ ಮರಳು ತುಂಬಿದ ಡಬ್ಬಿಯಲ್ಲಿ ಬೇರೆಯಾಗಿ ಕೂತಿತ್ತು. ಬಿನ್ನಾಣಗಿತ್ತಿ ಬ್ಯಾಟರಿಯಿಲ್ಲದೆ, ಬರೀ ಚಾರ್ಜರಿನ ದಯೆಯಿಂದ ಉರಿಯುತ್ತಿದ್ದಳು.

"ಬೋರ್ಡ್ ಬದುಕಿತ್ತು. ನಿಮ್ಮ ಅದೃಷ್ಟ. ಬೇಗ ಕಾಪಿ ಮಾಡ್ಕೊಳ್ಳಿ. ಒಂದಲ್ಲ, ಎರಡು ಕಡೆ," ಎಂದರು.

ಪರದೆಯ ಮೇಲೆ ಪ್ಯಾಟ್ರನ್‌ಗಳು ಒಂದೊಂದಾಗಿ ತೆರೆದುಕೊಂಡವು. ಹೆಂಡತಿ ಹೆಸರು ಓದಲಿಲ್ಲ, ಗೆರೆ ನೋಡಿಯೇ ಇದು ಇಂಥವರದು, ಇದು ಇಂಥವರದು ಎಂದು ಬೆರಳಿಟ್ಟು ತೋರಿಸಿದಳು. ಟೈಲರ್ ಅವಳ ಕಡೆ ತಿರುಗಿದ. ಅಂಗಡಿಯಲ್ಲೇ ಎಲ್ಲರ ಮುಂದೆ, "ತಪ್ಪಾಯ್ತು ಕಣೆ. ನಿನ್ನನ್ನ ಕೇಳದೇ ನಿನ್ನ ಕೆಲಸಾನೆಲ್ಲ ರದ್ದಿಗೆ ಹಾಕಿದೆ," ಎಂದ.

"ಸರಿ ಸರಿ, ಈಗ ನಡೀರಿ. ಅಂಗಿ ಕತ್ತರಿಸಬೇಕು," ಎಂದಳು ಅವಳು.

ಬೇಕರಿಗೆ ಹೋಗುವ ದಿನ ಬೆಳಗ್ಗೆ ಬೇಕರಿಯವರು ತಮ್ಮ ಹೆಂಡತಿಯ ಜೊತೆ ಟೈಲರ್ ಅಂಗಡಿಗೇ ಬಂದರು. ಹೊಸ ಅಂಗಿ ಹಿಡಿದು ಬಟ್ಟೆ ಬದಲಿಸುವ ಪರದೆಯ ಹಿಂದೆ ಹೋದರು. ಅವರ ಹೆಂಡತಿ ರೂಢಿಯಂತೆ ಎದ್ದು ಹಿಂದೆಯೇ ಹೊರಟವರು, "ನೀನು ಕೂತ್ಕೋ," ಎಂಬ ಮಾತು ಕೇಳಿ ನಿಂತರು. ಒಳಗೆ ಬಟ್ಟೆ ಸರಿದ ಸದ್ದು, ಒಮ್ಮೆ ಗೊಣಗಾಟ, ಆಮೇಲೆ ಭುಜದ ಮೇಲಿನ ಗುಂಡಿಗಳು ಟಪ್ ಟಪ್ ಎಂದು ಕೂತ ಸದ್ದು. ಪರದೆ ಸರಿಸಿ ಬೇಕರಿಯವರು ಹೊರಗೆ ಬಂದರು. ಬಿಳಿ ಅಂಗಿ, ಕಾಲರ್ ನೇರ.

"ನಾನೇ ಹಾಕ್ಕೊಂಡೆ," ಎಂದರು.

ಅವರ ಹೆಂಡತಿಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಮಾಡಲು ಏನೂ ಕೆಲಸವಿಲ್ಲದ ಆ ಎರಡು ಕೈಗಳಿಂದ ಮುಖ ಮುಚ್ಚಿಕೊಂಡು ನಕ್ಕರು, ಅತ್ತರು.

ಓದುವ ಅಕ್ಕಂದಿರೇ, ಅಣ್ಣಂದಿರೇ, ಅವರ ಅಂಗಿ ಸಿಕ್ಕಿದ್ದು ಬೋರ್ಡ್ ಬದುಕಿದ್ದರಿಂದ. ನಿಮ್ಮದು ಬದುಕದೇ ಇರಬಹುದು. ಅದಕ್ಕೇ ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ಅದರ ಹೊಳಪಿಗೆ ಮರುಳಾಗಬೇಡಿ. ಬ್ಯಾಟರಿ ಬದಲಿಸಬಹುದೇ, ಮೆಮೊರಿ ಹೆಚ್ಚಿಸಬಹುದೇ, ಡಿಸ್ಕ್ ಬಿಚ್ಚಿ ತೆಗೆಯಬಹುದೇ, ಭಾಗಗಳು ಎಷ್ಟು ವರ್ಷ ಸಿಗುತ್ತವೆ ಎಂದು ಅಂಗಡಿಯವರನ್ನು ಕೇಳಿ. ಉತ್ತರಿಸಲು ತಡವರಿಸಿದರೆ ಮುಂದಿನ ಅಂಗಡಿಗೆ ನಡೆಯಿರಿ. ಕೊಳ್ಳುವವರು ಕೇಳುತ್ತಾ ಹೋದರೆ ಮಾಡುವವರು ಮಾಡಲೇಬೇಕಾಗುತ್ತದೆ. ಬ್ಯಾಟರಿ ಉಬ್ಬಿದ್ದು ಕಂಡರೆ ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ, ಬಲ್ಲವರ ಕೈಗೆ ಕೊಡಿ. ಮನೆಯ ಮೂಲೆಯಲ್ಲಿರುವ ಹಳೇ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿಸಿ ನೋಡಿ.

ಮತ್ತೆ, ಈ ಕಥೆ ಓದಿ ಮುಗಿಸಿದ ತಕ್ಷಣ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಲ್ಯಾಪ್‌ಟಾಪ್ ಒಳಗೆ ಯಾರ ದುಡಿಮೆ ಇದೆ ಎಂದು ಕೇಳಿ, ಅದರ ಕಾಪಿ ಇವತ್ತೇ ತೆಗೆದಿಡಿ.