ಗೋಡೆ ಬಿಟ್ಟು ನಡೆಯದವರು

ಅವರು ಕೋಣೆಯ ನಡುವೆ ನಡೆದದ್ದನ್ನು ಕಂಡವರಿಲ್ಲ. ಬಾಗಿಲು ಇತ್ತ, ಕುರ್ಚಿ ಅತ್ತ, ನಡುವೆ ನುಣ್ಣನೆಯ ನೆಲ. ಯಾರಾದರೂ ನೆಟ್ಟಗೆ ದಾಟಿ ಹೋಗಿ ಕೂರುತ್ತಾರೆ. ಅವರು ಮಾತ್ರ ಬಾಗಿಲಿಂದ ಗೋಡೆಗೆ ತಿರುಗಿ, ಗೋಡೆಯ ಬದಿಯಲ್ಲೇ ಸಾಗಿ, ಮೂಲೆಯಲ್ಲಿ ಮತ್ತೆ ತಿರುಗಿ, ದೇವರ ಪ್ರದಕ್ಷಿಣೆಗೆ ಬಂದವರಂತೆ ಬಳಸಿ ಬಂದು ಕುರ್ಚಿ ಸೇರುತ್ತಿದ್ದರು. ಕೂರುವ ಮೊದಲು ಬಲಗಾಲಿನ ಹೆಬ್ಬೆರಳಿನಿಂದ ನೆಲವನ್ನೊಮ್ಮೆ ಒತ್ತಿ ನೋಡುವುದಿತ್ತು. ಅದು ಅವರ ಮನೆಯ ನೆಲವಾಗಲಿ, ಮಗಳ ಮದುವೆಯ ಮಂಟಪವಾಗಲಿ, ಡಾಕ್ಟರ ಕೋಣೆಯಾಗಲಿ, ಭೇದವಿರಲಿಲ್ಲ. ಕಚೇರಿಯಲ್ಲಿ ಅವರಿಗೆ ಗೋಡೆಯಣ್ಣ ಎಂದು ಹೆಸರು ಬಿದ್ದು ಎಷ್ಟೋ ವರ್ಷಗಳಾಗಿದ್ದವು. "ಇವರ ಕೈ ಹಿಡ್ಕೊಂಡು ನಡೆದ್ರೆ ನನ್ನ ಅರ್ಧ ಮೈಗೆ ಸುಣ್ಣ" ಎಂದು ಅವರ ಹೆಂಡತಿ ಬಂದವರೆದುರೆಲ್ಲ ಹೇಳುತ್ತಿದ್ದರು. ಅವರು ಅದಕ್ಕೂ ನಗುತ್ತಿರಲಿಲ್ಲ, ಬೇಸರವನ್ನೂ ಪಡುತ್ತಿರಲಿಲ್ಲ. ನಕ್ಕರೆ ಎಲ್ಲಿ ಹಲಗೆ ಕದಲೀತೋ ಎನ್ನುವಂತೆ ಮೆಲ್ಲಗೆ ತಲೆಯಾಡಿಸುತ್ತಿದ್ದರು.

ವೃತ್ತಿಯಿಂದ ಅವರು ಕಟ್ಟಡಗಳ ಸರ್ವೇಯರ್. ಯಾರೋ ಒಂದು ಹಳೆಯ ಮನೆಯನ್ನು ಕೊಳ್ಳಬೇಕೆಂದಾಗ, ಯಾವುದೋ ಬ್ಯಾಂಕು ಅದರ ಮೇಲೆ ಸಾಲ ಕೊಡಬೇಕೆಂದಾಗ, ಆ ಮನೆ ಇನ್ನೂ ಎಷ್ಟು ಕಾಲ ತನ್ನ ಕಾಲ ಮೇಲೆ ತಾನು ನಿಂತೀತು ಎಂದು ಒಳಹೊಕ್ಕು ನೋಡಿ ಬಂದು ಹೇಳುವ ಕೆಲಸ. ಹೇಳುವುದು ಸುಲಭ, ಹೊಗುವುದು ಕಷ್ಟ. ಬಹಳ ಕಾಲ ಬೀಗ ಬಿದ್ದ ಮನೆಗಳವು. ಒಳಗೆ ಗೆದ್ದಲು ತಿಂದ ಹಲಗೆ, ನೀರು ಕುಡಿದು ಉಬ್ಬಿದ ತೊಲೆ, ಕೈಯಿಟ್ಟರೆ ಕೈಗೇ ಬರುವ ಮೆಟ್ಟಿಲ ಕಟಾಂಜನ, ತೆರೆದೇ ಬಿಟ್ಟ ವಿದ್ಯುತ್ ತಂತಿ, ಒಮ್ಮೊಮ್ಮೆ ಮರಿ ಹಾಕಿಕೊಂಡ ನಾಯಿ. ತೊಲೆಯ ತುದಿ ಗೋಡೆಯ ಹೊಟ್ಟೆಯೊಳಗೆ ಕೂತಿರುವುದರಿಂದ ಗೋಡೆಯ ಪಕ್ಕದಲ್ಲಿ ಹಲಗೆ ಮುರಿಯುವುದಕ್ಕೂ ತುಸು ಹಿಂದುಮುಂದು ನೋಡುತ್ತದೆ. ನಡುವೆ ಅದಕ್ಕೆ ಅಂಥ ದಾಕ್ಷಿಣ್ಯವಿಲ್ಲ. ಈ ಸತ್ಯ ಅವರ ತಲೆಯಿಂದ ಕಾಲಿಗಿಳಿದು ಅಲ್ಲೇ ಮನೆ ಮಾಡಿಕೊಂಡಿತ್ತು.

ಅವರ ಕಿತ್ತಳೆ ಬಣ್ಣದ ದಪ್ಪ ಕೋಟನ್ನು ಮರೆಯುವಂತಿಲ್ಲ. ಬಿಸಿಲಿಗೆ ಬಣ್ಣ ಹಾರಿ, ಬೆನ್ನಿನ ಹೊಳೆಯುವ ಪಟ್ಟಿ ಬಿರುಕು ಬಿಟ್ಟು, ಜೇಬುಗಳು ಹಸುವಿನ ಕೆಚ್ಚಲಿನಂತೆ ಜೋತುಬಿದ್ದ ಕೋಟು ಅದು. ಒಂದು ಜೇಬಿನಲ್ಲಿ ಟಾರ್ಚು, ಒಂದರಲ್ಲಿ ಅಳತೆಯ ಟೇಪು, ಒಂದರಲ್ಲಿ ಮೂಗಿಗೆ ಕಟ್ಟುವ ಮುಸುಕು. ಕೊರಳಲ್ಲಿ ಸೀಟಿ, ಕೈಯಲ್ಲಿ ಕಬ್ಬಿಣದ ತುದಿಯ ಕೋಲು. ಇಷ್ಟೆಲ್ಲ ಇದ್ದ ಮನುಷ್ಯ ಒಳಗೆ ಮರೆತು ಬಂದ ವಸ್ತುವನ್ನು ಮಾತ್ರ ಹಿಂದಿರುಗಿ ತರುತ್ತಿರಲಿಲ್ಲ. ಒಮ್ಮೆ ಹೊರಬಂದರೆ ಮುಗಿಯಿತು. ಅವರ ಟಾರ್ಚುಗಳು, ಛತ್ರಿಗಳು, ಒಂದು ಒಳ್ಳೆಯ ಶಾಲು ಕೂಡ ಊರಿನ ಪಾಳು ಮನೆಗಳಲ್ಲಿ ಹಂಚಿಹೋಗಿದ್ದವು. "ನಮ್ಮ ಯಜಮಾನರು ಭೂತಗಳಿಗೆಲ್ಲ ಬಾಗಿನ ಕೊಟ್ಟು ಬರ್ತಾರೆ" ಎನ್ನುವುದು ಹೆಂಡತಿಯ ಇನ್ನೊಂದು ಮಾತು.

ಈ ಹಟಕ್ಕೆ ಕಾರಣವಾದವರು ಈಗಿಲ್ಲ. ಅವರಿಗಿಂತ ಹಿರಿಯರಾಗಿದ್ದ, ಕೆಲಸ ಕಲಿಸಿದ, ಒಂದೇ ಬುತ್ತಿಯಲ್ಲಿ ಕೈಯಿಟ್ಟು ಉಣ್ಣುತ್ತಿದ್ದ ಜೊತೆಯ ಸರ್ವೇಯರ್ ಒಬ್ಬರಿದ್ದರು. ಗೋಡೆಯಣ್ಣ ಅವರನ್ನು ಬಾಯ್ತುಂಬ ಅಣ್ಣ ಎನ್ನುತ್ತಿದ್ದರು. ಆ ಅಣ್ಣ ಒಂದು ಸಂಜೆ ಖಾಲಿ ಗೋದಾಮೊಂದನ್ನು ನೋಡಿ ಮುಗಿಸಿ, ಎದುರಿನ ಅಂಗಡಿಯ ಫೋನಿನಿಂದ ಕಚೇರಿಗೆ "ಬಂದೆ" ಎಂದು ಹೇಳಿದರು. ಹೇಳಿ ಫೋನಿಟ್ಟ ಮೇಲೆ, ಅಳತೆಯ ಟೇಪನ್ನು ಮಹಡಿಯ ಮೊಳೆಗೆ ನೇತುಹಾಕಿ ಬಿಟ್ಟು ಬಂದದ್ದು ನೆನಪಾಯಿತು. ಎರಡು ನಿಮಿಷದ ಮಾತು ಎಂದು ಮರಳಿದರು. ಎರಡು ನಿಮಿಷದ ಮಾತಾದ್ದರಿಂದ ನಡುವೆಯೇ ನಡೆದರು. ಇತ್ತ ಕಚೇರಿಯಲ್ಲಿ, ಬಂದೆ ಎಂದವರು ಬಂದಿದ್ದಾರೆಂದು ಎಲ್ಲರೂ ದೀಪವಾರಿಸಿ ಮನೆಗೆ ಹೋದರು. ಮರುದಿನ ಮುರಿದ ಹಲಗೆಯ ಕೆಳಗೆ ಸಿಕ್ಕಾಗ, ಆಗಷ್ಟೇ ಜೀವ ಹೋಗಿದ್ದ ಮೈ ಇನ್ನೂ ಬೆಚ್ಚಗಿತ್ತಂತೆ. ಗೋಡೆಯಣ್ಣ ಆ ಒಂದು ಮಾತನ್ನು ಎಂದೂ ಎರಡನೆಯ ಸಲ ಹೇಳಲಿಲ್ಲ.

ಆಮೇಲೆ ಕಂಪನಿ ಅಣ್ಣನ ಹೆಂಡತಿಗೆ ಕಚೇರಿಯ ಫೋನಿನ ಮುಂದೆ ಒಂದು ಕುರ್ಚಿ ಕೊಟ್ಟಿತು. ಗೋಡೆಯಣ್ಣನಿಗೆ ಅವರು ಅತ್ತಿಗೆ. ಕ್ರಮೇಣ ಕಚೇರಿಗೆಲ್ಲ ಅತ್ತಿಗೆಯೇ ಆದರು. ಆಕೆ ಮೇಜಿನ ಮೇಲೆ ಒಂದು ಸ್ಟೀಲಿನ ಬಟ್ಟಲಿಟ್ಟು, ಮಗಳು ಆಡಿ ಬಿಟ್ಟ ಗಾಜಿನ ಗೋಲಿಗಳನ್ನು ಅದರೊಳಗೆ ತುಂಬಿ, ಒಬ್ಬೊಬ್ಬ ಸರ್ವೇಯರನಿಗೆ ಒಂದೊಂದು ಬಣ್ಣವೆಂದು ನೇಮಿಸಿಬಿಟ್ಟರು. "ಒಳಗೆ ಹೋಗ್ತಿದೀನಿ ಅತ್ತಿಗೆ" ಎಂದರೆ ಆ ಬಣ್ಣದ ಗೋಲಿ ಬಟ್ಟಲಿನಿಂದೆದ್ದು ಮಡಿಸಿಟ್ಟ ಕರವಸ್ತ್ರದ ಮೇಲೆ ಕೂರುತ್ತಿತ್ತು. "ಬಂದೆ" ಎಂದರೆ ಮರಳಿ ಬಟ್ಟಲಿಗೆ ಬೀಳುತ್ತಿತ್ತು. ಆ ಟಣ್ ಎಂಬ ಸದ್ದು ಫೋನಿನ ಆಚೆಗೂ ಕೇಳಿಸುತ್ತಿತ್ತು. ಕರವಸ್ತ್ರದ ಮೇಲೆ ಗೋಲಿ ಉಳಿದಿರುವತನಕ ಆಕೆ ಊಟಕ್ಕೂ ಏಳುತ್ತಿರಲಿಲ್ಲ. ಎಷ್ಟೋ ಸಲ ಗೋಡೆಯಣ್ಣ ಧೂಳು ಹೊದ್ದ ಯಾವುದೋ ಜಗಲಿಯ ಮೇಲೆ ನಿಂತು, ಆ ಟಣ್ ಕಿವಿಗೆ ಬಿದ್ದ ಮೇಲೆಯೇ ಮುಸುಕನ್ನು ಬಿಚ್ಚಿ ಉಸಿರು ಬಿಡುತ್ತಿದ್ದರು.

ಕಾಲಕ್ಕೆ ತಕ್ಕಂತೆ ಮ್ಯಾನೇಜರ್ ಬದಲಾದರು. ಹೊಸಬರು ಒಳ್ಳೆಯವರೇ, ಮೆತ್ತಗೆ ಮಾತಾಡುವವರು. ಎಲ್ಲರ ಮೊಬೈಲಿಗೂ ಒಂದು ಆ್ಯಪ್ ಹಾಕಿಸಿದರು. ಒಳಗೆ ಹೋಗುವಾಗ ಹಸಿರು ಒತ್ತುವುದು, ಹೊರಗೆ ಬಂದಾಗ ಕೆಂಪು ಒತ್ತುವುದು. ಹೊತ್ತು ಮೀರಿದರೆ ಅದೇ ಕೂಗಿಕೊಳ್ಳುತ್ತದೆ. ಅತ್ತಿಗೆಯನ್ನು ಹಿಂದಿನ ಕಡತಗಳ ಕೋಣೆಗೆ ಕಳಿಸಿದರು. ಬಟ್ಟಲು ಆಕೆಯ ಚೀಲ ಸೇರಿತು.

"ಅತ್ತಿಗೆ ಕೂತಿದ್ರೆ ಏನ್ ತೊಂದ್ರೆ ಸಾರ್?" ಎಂದು ಕೇಳಲು ಗೋಡೆಯಣ್ಣ ಮ್ಯಾನೇಜರರ ಕೋಣೆಗೆ ಹೋದರು, ಗೋಡೆಯ ಬದಿಯಿಂದಲೇ.

"ಅವರ ಮೇಲೆ ನಂಗೂ ಗೌರವ ಇದೆ. ಆದ್ರೆ ಮನುಷ್ಯರು ಮರೀತಾರೆ ನೋಡಿ. ಯಂತ್ರ ಮರೆಯೋದಿಲ್ಲ."

"ಮರೆತೋನು ಮತ್ತೆ ಒಳಗೆ ಹೋದ್ರೆ?"

"ಮತ್ತೆ ಯಾಕೆ ಹೋಗ್ತೀರಿ?" ಎಂದರು ಮ್ಯಾನೇಜರ್, ನಿಜವಾಗಿಯೂ ಅರ್ಥವಾಗದೆ.

ಗೋಡೆಯಣ್ಣ ಬಂದ ದಾರಿಯಲ್ಲೇ, ಗೋಡೆಯ ಬದಿಯಿಂದ, ಹೊರಬಂದರು. ಹೇಳಬೇಕಾದ್ದನ್ನು ಹೇಳಲು ಆ ಬೆಚ್ಚಗಿನ ಮೈಯಿಂದ ಶುರು ಮಾಡಬೇಕಾಗುತ್ತಿತ್ತು; ಅಷ್ಟು ದೂರದ ನಡಿಗೆಗೆ ಅವರಲ್ಲಿ ಕಸುವಿರಲಿಲ್ಲ. ಆ ದಿನಗಳಲ್ಲಿ ಅವರು ದಣಿದಿದ್ದರು. ಕಾಲಿನ ದಣಿವಲ್ಲ; ದಿನವೂ ಅನ್ಯರ ಮನೆಯ ಕೊಳೆತವನ್ನು ಮೂಸಿ ಮೂಸಿ, ಎಲ್ಲ ನೆಲವನ್ನೂ ಸಂಶಯದಿಂದ ತುಳಿದು ತುಳಿದು ಬರುವ ದಣಿವು. ಉಳಿದವರು ಆ್ಯಪಿಗೆ ಬೇಗ ಒಗ್ಗಿಕೊಂಡರು. ದಪ್ಪ ಮೀಸೆಯ ಸಹೋದ್ಯೋಗಿಯೊಬ್ಬ ಕಾರಿನಲ್ಲೇ ಕೂತು ಹಸಿರು, ಕೆಂಪು ಎರಡನ್ನೂ ಒಟ್ಟಿಗೆ ಒತ್ತಿ ಒಳಗೆ ಹೋಗುತ್ತಿದ್ದ. "ಗೋಡೆಯಣ್ಣ, ನಾನು ಹೋಗೋಕ್ ಮುಂಚೇನೇ ಬಂದಾಗಿರುತ್ತೆ. ನನ್ನಷ್ಟು ಸೇಫು ಯಾರಿದಾರೆ ಹೇಳಿ" ಎಂದು ನಗುತ್ತಿದ್ದ. ಗೋಡೆಯಣ್ಣ ಹಸಿರನ್ನು ಹೊಸ್ತಿಲಲ್ಲಿ, ಕೆಂಪನ್ನು ಹೊರಗಿನ ಮೆಟ್ಟಿಲ ಮೇಲೆ, ನೇಮ ತಪ್ಪದೆ ಒತ್ತುತ್ತಿದ್ದರು. ಒತ್ತಿದ ಮೇಲೂ ಒಂದು ಗಳಿಗೆ ಫೋನನ್ನು ಕಿವಿಗಿಟ್ಟುಕೊಂಡು ನಿಲ್ಲುತ್ತಿದ್ದರು. ಅದರಿಂದ ಏನೂ ಕೇಳಿಸುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ. ಮರದ ಮಹಡಿಯ ಹಳೆಯ ಮನೆ, ಓಣಿಯ ಕೊನೆಯದು, ಸುತ್ತ ವಾಸವಿಲ್ಲ. ಮೇಲಿನ ಕೋಣೆಯ ಸೂರು ಸೋರಿ ಹಲಗೆಗಳು ಕಪ್ಪಾಗಿದ್ದವು. ಗೋಡೆಯಣ್ಣ ಎಲ್ಲವನ್ನೂ ನೋಡಿ ಹೊರಬಂದು, ಕೆಂಪು ಒತ್ತಿ, ಕಾರಿನ ಬಾಗಿಲಿಗೆ ಕೀಲಿ ಹಾಕಹೋದರೆ ಕೀಲಿಯ ರಂಧ್ರವೇ ಕಾಣಲೊಲ್ಲದು. ಕನ್ನಡಕ ಮುಖದ ಮೇಲಿರಲಿಲ್ಲ. ಕೊನೆಯ ಮೂಲೆ ನೋಡುವಾಗ ಮುಸುಕಿನಿಂದ ಗಾಜು ಮಂಜಾಯಿತೆಂದು ತೆಗೆದು, ಮಹಡಿಯ ಕಿಟಕಿಯ ದಂಡೆಯ ಮೇಲಿಟ್ಟಿದ್ದರು.

ಟಾರ್ಚನ್ನು ಬಿಡಬಹುದು, ಶಾಲನ್ನು ಬಿಡಬಹುದು. ಕನ್ನಡಕವಿಲ್ಲದೆ ಕಾರು ನಡೆಸಲಾಗದು, ಬರುವ ಬಸ್ಸಿನ ಹಣೆಬರಹವನ್ನೂ ಓದಲಾಗದು. ಮನೆಯಲ್ಲಿದ್ದ ಇನ್ನೊಂದು ಕನ್ನಡಕದ ಮೇಲೆ ಕಳೆದ ವಾರವಷ್ಟೇ ಅವರೇ ಕೂತಿದ್ದರು. ಮತ್ತೆ ಹಸಿರು ಒತ್ತೋಣವೆಂದು ಫೋನನ್ನು ಮೂಗಿನ ಹತ್ತಿರ ತಂದು ನೋಡಿದರು. ಈ ಮನೆಯ ಕೆಲಸ ಇಂದಿಗೆ ಮುಗಿದಿದೆ, ಧನ್ಯವಾದ, ಎಂದಿತ್ತು ಅದು. ಯಂತ್ರದ ಲೆಕ್ಕದಲ್ಲಿ ಅವರು ಆಗಲೇ ಕ್ಷೇಮವಾಗಿದ್ದರು. ಮ್ಯಾನೇಜರಿಗೆ ಮಾಡಿದರೆ ಎತ್ತಲಿಲ್ಲ. ಮೀಸೆಯವನಿಗೆ ಮಾಡಿದರೆ ಎತ್ತಲಿಲ್ಲ. ಕೆಲಸದ ಹೆದರಿಕೆಯನ್ನು ಹೆಂಡತಿಯವರೆಗೆ ಒಯ್ಯುವ ರೂಢಿ ಅವರಿಗಿರಲಿಲ್ಲ.

ಅವರು ಹೊಸ್ತಿಲಲ್ಲಿ ನಿಂತರು. ಮೆಟ್ಟಿಲು ಹತ್ತಿದರೆ ಕೋಣೆ, ಕೋಣೆ ದಾಟಿದರೆ ಕಿಟಕಿ. ಸುತ್ತಿ ಬಳಸಿ ಹೋಗಲು ಬೇಜಾರು ಬರುವಷ್ಟು ಹತ್ತಿರ. ಎರಡು ನಿಮಿಷದ ಮಾತು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅವರ ಕಾಲು, ನೆಟ್ಟಗೆ ಹೋಗಿ ಬಂದುಬಿಡು, ಸಾಕು, ಎಂದಿತು. ಒಂದು ಹೆಜ್ಜೆ ಒಳಗಿಟ್ಟೂ ಆಯಿತು. ಆಗ ಅದು ಅಣ್ಣನ ಮಾತೆಂದು ನೆನಪಾಗಿ, ಅಲ್ಲೇ ನಿಂತು, ಕೈ ಬೆರಳು ತಾನಾಗಿಯೇ ಬಲ್ಲ ಅತ್ತಿಗೆಯ ನಂಬರನ್ನು ಒತ್ತಿದರು.

"ಹೂಂ, ಹೇಳಿ" ಎಂದರು ಅತ್ತಿಗೆ.

"ಒಳಗೆ ಹೋಗ್ತಿದೀನಿ."

"ಈಗ ತಾನೆ ಬಂದ್ರಿ ಅಂತ ಇಲ್ಲಿ ಆ್ಯಪಿನಲ್ಲಿ ಬಂತಲ್ಲ?"

"ಬಂದಿದ್ದೆ. ಕನ್ನಡಕ ಮೇಲೆ ಬಿಟ್ಟೆ."

ಅತ್ತ, ಚೀಲದಿಂದ ತೆಗೆದ ಬಟ್ಟಲು ಮೇಜಿಗೆ ತಗುಲಿದ ಸದ್ದಾಯಿತು. ಅದರ ಹಿಂದೆ ಕಡತದ ಕೋಣೆಯ ಫ್ಯಾನು ಕಿರುಗುಟ್ಟುತ್ತಿತ್ತು.

"ಹೊಸ್ತಿಲು ದಾಟಿದೀರಾ?"

"ಒಂದು ಕಾಲು."

"ಆ ಕಾಲನ್ನ ಹೊರಗೆ ತಗೀರಿ. ನಾನು ಬರ್ತೀನಿ."

"ನೀವು ಬಂದು ಏನ್ ಮಾಡ್ತೀರಿ ಅತ್ತಿಗೆ? ಮಂಡಿ ನೋವು ಬೇರೆ ನಿಮಗೆ."

"ಬಾಗಿಲಲ್ಲಿ ನಿಂತ್ಕೊಳ್ಳೋಕೆ ಈ ಮಂಡಿ ಸಾಕು."

ಬಿಸಿಲು ಗೋಡೆಯಿಂದಿಳಿದು ಅಂಗಳ ದಾಟುವ ಹೊತ್ತಿಗೆ ಆಕೆ ಬಂದರು, ಚೀಲವನ್ನು ಎದೆಗವಚಿಕೊಂಡು, ಒಂದು ಕಾಲನ್ನು ತುಸು ಎಳೆಯುತ್ತ. ಆ ಮನೆಯನ್ನು ಬುಡದಿಂದ ಸೂರಿನವರೆಗೆ ನೋಡಿದರು. ಇಷ್ಟು ವರ್ಷ ಒಳಗೆ, ಹೊರಗೆ ಎಂದು ಗೋಲಿಗಳನ್ನು ಎತ್ತಿಟ್ಟವರು ಅಂಥ ಒಂದು ಬಾಗಿಲಿನೆದುರು ನಿಂತದ್ದು ಅದೇ ಮೊದಲು.

"ಆ ಗೋದಾಮೂ ಹಿಂಗೇ ಇತ್ತಾ?"

"ಇದಕ್ಕಿಂತ ದೊಡ್ಡದು" ಎಂದರು ಗೋಡೆಯಣ್ಣ.

"ಹೂಂ. ಹೋಗಿ. ಮಾತಾಡ್ತಾ ಹೋಗಿ."

ಅವರು ಹೋದರು. ಕಥೆ ಹೇಳುವವರ ಎದುರು ಕೂತು ಹೂಂಗುಟ್ಟುವವರು ಇರುತ್ತಾರಲ್ಲ, ಹೂಂ ನಿಂತರೆ ಕಥೆಯೂ ನಿಲ್ಲುತ್ತದಲ್ಲ, ಹಾಗಿತ್ತು ಆ ಹೋಗುವಿಕೆ. "ಮೆಟ್ಟಿಲ ಹತ್ರ ಇದೀನಿ." ಹೂಂ. "ಮೇಲೆ ಬಂದೆ." ಹೂಂ. "ಗೋಡೆ ಹಿಡ್ಕೊಂಡಿದೀನಿ." ಹೂಂ. ಕಣ್ಣೆದುರು ಎಲ್ಲ ಮಬ್ಬು. ಕಪ್ಪು ಹಲಗೆ ಯಾವುದು, ನೆರಳು ಯಾವುದು ತಿಳಿಯದು. ಕೋಲನ್ನು ನಡುವಿನತ್ತ ಚಾಚಿ, ರೂಢಿಯಂತೆ ಒಮ್ಮೆ ಒತ್ತಿದರು. ಲಟಕ್ಕೆಂದಿತು. ಕೋಲು ಮೊಳದುದ್ದ ಒಳಕ್ಕಿಳಿಯಿತು. ಮುರಿದ ಚೂರುಗಳು ಕೆಳಗೆಲ್ಲೋ ಬಿದ್ದ ಸದ್ದು ಬಂತು.

ಹೊರಗೆ ಹೂಂ ನಿಂತಿತು.

"ಕೋಲು ಅತ್ತಿಗೆ. ಕೋಲು ಹೋಯ್ತು ಅಷ್ಟೆ. ನಾನಿದೀನಿ."

ಬಾಗಿಲಿನಿಂದ ಕಾಲೆಳೆಯುತ್ತ ಬಂದ ಆಕೆಯ ಇನ್ನೊಂದು "ಹೂಂ" ಕಿಟಕಿಯ ಕೆಳಗಿನಿಂದ ಬಂತು. ಅದನ್ನು ಹಿಡಿದುಕೊಂಡೇ ಅವರು ಎರಡು ಮೂಲೆ ತಿರುಗಿ, ದಂಡೆ ತಡವಿ, ಕನ್ನಡಕವನ್ನು ಮುಖಕ್ಕೇರಿಸಿ ನೋಡಿದರು. ಕೋಣೆಯ ನಡುವೆ, ತಾವು ನೆಟ್ಟಗೆ ನಡೆದುಬಿಡಬೇಕೆಂದಿದ್ದ ದಾರಿಯಲ್ಲಿ, ತೂತು ಬಾಯ್ದೆರೆದಿತ್ತು.

ಹೊರಬಂದು ಮೆಟ್ಟಿಲ ಮೇಲೆ ನಿಂತು, "ಬಂದೆ" ಎಂದರು.

ಅತ್ತಿಗೆ ಚೀಲಕ್ಕೆ ಕೈ ಹಾಕಿದರು. ಬಟ್ಟಲು ಕಡತದ ಕೋಣೆಯಲ್ಲೇ ಉಳಿದಿತ್ತು. ಒಂದು ಕ್ಷಣ ಬರಿಗೈಯನ್ನು ನೋಡಿಕೊಂಡು, ಎರಡು ಬೆರಳನ್ನು ಗಾಳಿಯಲ್ಲಿ ಸಡಿಲಿಸಿ, ಬಾಯಲ್ಲೇ "ಟಣ್" ಎಂದರು. ಆಮೇಲೆ ಜಗಲಿಯ ಮೇಲೆ ಕೂತುಬಿಟ್ಟರು. ಗೋಡೆಯಣ್ಣನೂ ಪಕ್ಕದಲ್ಲಿ ಕೂತರು. ಇಬ್ಬರೂ ಆ ಹೊತ್ತಿನಲ್ಲಿ ಬಹಳ ಮುದುಕರಂತೆ ಕಂಡಿದ್ದರೆ ಅಚ್ಚರಿಯಿಲ್ಲ.

"ಅವತ್ತು ಇವರು ಟೇಪಿಗೆ ವಾಪಸ್ ಹೋಗೋವಾಗ," ಎಂದರು ಆಕೆ, "ಅಂಗಡಿಯೋನಿಗಾದ್ರೂ ಒಂದು ಮಾತು ಹೇಳಬೇಕಿತ್ತು."

"ಹೂಂ" ಎಂದರು ಗೋಡೆಯಣ್ಣ.

ಕಚೇರಿಯಲ್ಲಿ ಮಹತ್ತರವಾದುದೇನೂ ಬದಲಾಗಲಿಲ್ಲ. ಆ್ಯಪು ಇದೆ, ಹಸಿರು ಕೆಂಪುಗಳಿವೆ, ಅತ್ತಿಗೆ ಕಡತದ ಕೋಣೆಯಲ್ಲೇ ಇದ್ದಾರೆ. ಆದರೆ ಬಟ್ಟಲು ಈಗ ಅಲ್ಲಿಯ ಕಿಟಕಿಯಲ್ಲಿ ಕೂತಿದೆ. ಗೋಡೆಯಣ್ಣ ಒತ್ತುವುದನ್ನೂ ಒತ್ತಿ, ಹೇಳುವುದನ್ನೂ ಹೇಳುತ್ತಾರೆ. ಒಂದು ದಿನ ದಪ್ಪ ಮೀಸೆಯವನ ಕರೆಯೂ ಬಂತಂತೆ. "ಅತ್ತಿಗೆ, ಸುಮ್ನೆ ಮಾಡಿದೆ, ಏನಿಲ್ಲ" ಎಂದು ತಡವರಿಸಿ, "ಒಳಗೆ ಹೋಗ್ತಿದೀನಿ" ಎಂದನಂತೆ. ಅತ್ತಿಗೆ ಅವನ ನೀಲಿ ಗೋಲಿಯನ್ನು ಬಟ್ಟಲಿನಲ್ಲಿ ಹುಡುಕುತ್ತ, "ಮೀಸೆ ಜೋಪಾನ" ಎಂದರಂತೆ.

ಇಂಥವರು ಎಲ್ಲ ಊರಲ್ಲೂ ಇದ್ದಾರೆ. ನಾವು ನಿಶ್ಚಿಂತೆಯಿಂದ ಕಾಲು ಚಾಚಿ ಮಲಗುವ ಮನೆಯೊಳಗೆ ನಮಗಿಂತ ಮೊದಲು ಹೋಗಿ, ಅದು ನಮ್ಮ ಭಾರ ಹೊತ್ತೀತೇ ಎಂದು ತಮ್ಮ ಭಾರವಿಟ್ಟು ನೋಡಿ ಬರುವವರು. ನೋಡಿ ನೋಡಿ ಅವರಿಗೆ ನೆಲದ ಮೇಲಿನ ನಂಬಿಕೆ ಹೊರಟುಹೋಗುತ್ತದೆ. ಮದುವೆ ಮನೆಯಲ್ಲೂ ಗೋಡೆಯ ಬದಿಯಲ್ಲೇ ನಡೆಯುತ್ತಾರೆ, ನಾವು ನಗುತ್ತೇವೆ. ಆ ನಡಿಗೆ ಹೇಡಿಗಳದ್ದಲ್ಲ, ಧೀರರದ್ದೂ ಅಲ್ಲ. ಸಂಜೆ ಮನೆಗೆ ಮರಳಬೇಕೆಂಬ ದಣಿದವರದ್ದು. ಗೋಡೆ ಅವರಿಗೆ ಅರ್ಧ ಆಸರೆ. ಇನ್ನರ್ಧ, ಬಾಗಿಲ ಹೊರಗೆ ನೋಯುವ ಮಂಡಿಯ ಮೇಲೆ ನಿಂತು, ಅವರು ಬಂದೆ ಎನ್ನುವತನಕ ಹೂಂಗುಟ್ಟುವ ಒಂದು ಜೀವ.